ಹೆಸರು ಹೊಡೆದುಹಾಕುವ ಅಲಮೇಲು ಮೇಡಂ

ಸಮುದ್ರವೇ ಇಲ್ಲದ ಊರಿನಲ್ಲಿ ಕೂತು ಜೀವಮಾನವಿಡೀ ಸಮುದ್ರವನ್ನು ಓದಿದವರು ನಮ್ಮ ಅಲಮೇಲು ಮೇಡಂ. ಅವರ ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿದ್ದೆ. ಇಬ್ಬರೂ ನಿವೃತ್ತರಾದೆವು, ಗೌರವ ಪ್ರಾಧ್ಯಾಪಕಿ ಎಂದು ವಿಭಾಗದಲ್ಲಿ ಅವರಿಗೊಂದು ಮೇಜು ಮಾತ್ರ ಉಳಿಯಿತು. ವೈಯಾಲಿಕಾವಲ್‌ನ ಬಾಡಿಗೆ ಮಹಡಿ ಮನೆಯಲ್ಲಿ ಅವರೊಬ್ಬರೇ. ಎರಡು ಬೀದಿ ಆಚೆ ನಾನು.

ಶನಿವಾರ ಬೆಳಗ್ಗೆ ಹೊಸ ಸಂಶೋಧಕರು ಅವರ ಮನೆಗೆ ಬರುತ್ತಿದ್ದರು. ಬರೆದದ್ದನ್ನು ಮೊದಲು ನನಗೆ ವಿವರಿಸಬೇಕು. "ರುದ್ರಾಣಿಗೆ ಅರ್ಥ ಆಗೋವರ್ಗೂ ಎಲ್ಲಿಗೂ ಕಳಿಸ್ಬೇಡಿ" ಎನ್ನುವರು. ನಾನೂ ಸುಲಭಕ್ಕೆ ಬಿಡುತ್ತಿರಲಿಲ್ಲ. ಆಮೇಲೆ ಮೇಡಂ ಒಂದೊಂದು ವಾಕ್ಯವನ್ನೂ ತಿದ್ದಿ, ಎಷ್ಟೋ ಸಲ ಲೆಕ್ಕವನ್ನೂ ತಾವೇ ಮಾಡಿಕೊಟ್ಟು, ಕೊನೆಗೆ ಲೇಖಕರ ಪಟ್ಟಿಯಿಂದ ತಮ್ಮ ಹೆಸರನ್ನು ಹೊಡೆದುಹಾಕುತ್ತಿದ್ದರು.

"ನನ್ನ ಹೆಸ್ರು ಇದ್ರೆ, ಕೆಲ್ಸ ಎಲ್ಲಾ ನಂದೇ ಅಂದ್ಬಿಡ್ತಾರೆ ಜನ."

ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಬ್ಬೊಬ್ಬರೇ ಕೆಲಸ ಸಿಕ್ಕಿ ಹೊರಟು, ಕಳೆದ ವರ್ಷ ಉಳಿದವಳು ತೇಜಶ್ರೀ ಒಬ್ಬಳೇ. ನದಿಗಳು ಬಂಗಾಳ ಕೊಲ್ಲಿಗೆ ತಂದು ಸುರಿಯುವ ಸಿಹಿನೀರು ನಮ್ಮ ಮಳೆಗಾಲವನ್ನು ಹೇಗೆ ಏರುಪೇರು ಮಾಡುತ್ತದೆ ಎಂಬುದು ಅವಳ ವಿಷಯ. ಮೂರು ವರ್ಷದ ಫೆಲೋಶಿಪ್ ಸಿಕ್ಕರೆ ಮುಂದುವರಿಯುವುದು, ಇಲ್ಲದಿದ್ದರೆ ಸಂಶೋಧನೆಗೆ ಅಲ್ಲಿಗೇ ಮಂಗಳ. ಮಾರ್ಗದರ್ಶಕಿಯ ಜಾಗದಲ್ಲಿ ಮೇಡಂ ಹೆಸರು ಬರೆದಳು. ಅರ್ಜಿ ವಾಪಸ್ ಬಂತು. ಮಾರ್ಗದರ್ಶಕರ ಹೆಸರಿನಲ್ಲಿ ಐದು ವರ್ಷಗಳಲ್ಲಿ ಕನಿಷ್ಠ ಮೂರು ಪ್ರಬಂಧಗಳಾದರೂ ಬಂದಿರಬೇಕಂತೆ. ಮೇಡಂ ಹೆಸರಿನಲ್ಲಿ ಒಂದೂ ಇರಲಿಲ್ಲ. ಬೇರೆಯವರನ್ನು ಹುಡುಕಿಕೊಳ್ಳಲು ಹತ್ತು ದಿನ ಗಡುವು.

"ನೀವಿಲ್ದೆ ನಂಗೆ ಅದು ಬೇಡ ಮೇಡಂ" ಎಂದು ಅವಳು ಅತ್ತಳು.

"ಹುಚ್ಚುಚ್ಚಾಗಿ ಆಡ್ಬೇಡ" ಎಂದು ಗದರಿ ಕಳಿಸಿ, ಮೇಡಂ ವಸಿಷ್ಠನಿಗೆ ಫೋನ್ ಮಾಡಿದರು. ಅವರ ಮೊದಲ ಶಿಷ್ಯ. ಈಗ ಬೇರೊಂದು ಸಂಸ್ಥೆಯಲ್ಲಿ ದೊಡ್ಡ ಮನುಷ್ಯ. ಅವನ ಮೊದಲ ಪ್ರಬಂಧವನ್ನು ಟೈಪ್ ಮಾಡಿದವಳು ನಾನೇ, ಮೇಡಂ ಕೈಬರಹ ನೋಡಿಕೊಂಡು. ಸ್ಪೀಕರ್ ಹಾಕಿದ್ದರಿಂದ ಅವನ ಮಾತು ನನಗೂ ಕೇಳಿಸಿತು.

"ತೊಗೋತೀನಿ ಮೇಡಂ. ಆದ್ರೆ ಒಂದು ಹುಡುಗಿಗೆ ಇಬ್ರು ಹೇಳಿಕೊಡೋದು ಸರಿಹೋಗಲ್ಲ. ನಿಮ್ಮನೆಗೆ ಬರೋದನ್ನ ನಿಲ್ಲಿಸ್ಬಿಟ್ರೆ..."

"ಆಯ್ತಪ್ಪ" ಎಂದರು ಮೇಡಂ.

"ನಿಮ್ಮಿಂದಾನೇ ಮೇಲೆ ಬಂದೋನು! ಒಪ್ಕೊಂಡ್ಬಿಟ್ರಾ?" ಎಂದು ನಾನು ಕೂಗಾಡಿದೆ.

"ಅವನು ಹೇಳಿದ್ರಲ್ಲಿ ತಪ್ಪೇನಿದೆ ರುದ್ರಾಣಿ? ಇಬ್ರು ಎಳೆದಾಡಿದ್ರೆ ಆ ಮಗು ಕೆಲ್ಸ ಕೆಡತ್ತೆ."

ಶನಿವಾರ ತೇಜಶ್ರೀ ಬಂದಳು. ವಸಿಷ್ಠ ಸಹಿ ಹಾಕಿದ್ದ, ಅರ್ಜಿ ಹೋಗಿತ್ತು. ಅವನ ಷರತ್ತು ಅವಳಿಗೆ ಗೊತ್ತಿರಲಿಲ್ಲ.

"ಶನಿವಾರ ಮಾತ್ರ ಇಲ್ಲಿಗೇ ಬರ್ತೀನಿ ಮೇಡಂ."

"ಬೇಡಮ್ಮ. ಇನ್ಮೇಲೆ ಶನಿವಾರ ನಂಗೆ ಪುರುಸೊತ್ತಿರಲ್ಲ. ನಮ್ಮಣ್ಣನ ಮೊಮ್ಮಕ್ಕಳು ಬರ್ತಾರೆ. ಮನೆ ತುಂಬಾ ಗಲಾಟೆ" ಎಂದು ಮೇಡಂ ನಕ್ಕರು.

ಹುಡುಗಿ ನಂಬಿದಳು. ಮುಖ ಚಿಕ್ಕದಾಯಿತು, ಆದರೂ ಕಾಲಿಗೆ ನಮಸ್ಕಾರ ಮಾಡಿ ಮೆಟ್ಟಿಲಿಳಿದು ಹೋದಳು. ನನಗೆ ದುಃಖ ಒತ್ತರಿಸಿ ಬಂತು. ಮೇಡಂ ಅವರ ಸೇವಾ ಪುಸ್ತಕದಲ್ಲಿ ಕುಟುಂಬದ ವಿವರ ತುಂಬಿದವಳು ನಾನು. ಅಣ್ಣ ತಮ್ಮ ಎಂದು ಕೂಡ ಅಲ್ಲಿ ಬರೆಯಲು ಒಂದು ಹೆಸರೂ ಇರಲಿಲ್ಲ.