ಬಿಚ್ಚದ ಕರಡಿಗೆ

ನಮ್ಮ ಯಜಮಾನರು ಪೂಜೆಗೆ ಕೂತಲ್ಲೇ ಪಕ್ಕಕ್ಕೆ ವಾಲಿ ಬಿದ್ದರು. ಮೈಯೆಲ್ಲ ಬೆವರು. ಮಾತು ತೊದಲುತ್ತಿತ್ತು.

ಶುಗರ್ ಪೂರ್ತಿ ಇಳಿದಿತ್ತು.

ನಮ್ಮಲ್ಲಿ ಲಿಂಗಪೂಜೆ ಮುಗಿಯದೆ ಬಾಯಿಗೆ ತುತ್ತಿಡುವ ಹಾಗಿಲ್ಲ. ಅದಕ್ಕೇ ಇವರು ಸ್ನಾನ ಮುಗಿಸಿ ಬಂದ ಕೂಡಲೇ ನಾನು ಇನ್ಸುಲಿನ್ ಚುಚ್ಚುತ್ತಿದ್ದೆ. ಪೂಜೆ ಮುಗಿಯುವ ಹೊತ್ತಿಗೆ ರೊಟ್ಟಿ ಸಿದ್ಧವಾಗಿರುತ್ತಿತ್ತು. ಎಷ್ಟೋ ವರ್ಷ ಹಾಗೇ ನಡೆಯಿತು. ಕಾಲು ಜೋಮು ಹಿಡಿದು, ಚನ್ನರಾಯಪಟ್ಟಣದ ನಮ್ಮ ಕೊಬ್ಬರಿ ಮಂಡಿಗೆ ಹೋಗುವುದು ನಿಂತ ಮೇಲೆ ಪೂಜೆ ಉದ್ದವಾಗುತ್ತಾ ಹೋಯಿತು. ಕಣ್ಣು ಮುಚ್ಚಿ ಕೂತರೆ ಏಳುತ್ತಲೇ ಇರಲಿಲ್ಲ.

"ಅಣ್ಣಂಗೆ ಭಕ್ತಿ ಜಾಸ್ತಿ ಆಗೈತೆ ಕಣತ್ತಿಗೆ, ಎಬ್ಬಿಸ್ಬ್ಯಾಡಿ" ಎನ್ನುತ್ತಿದ್ದಳು ಜೊತೆಗಿರುವ ನಾದಿನಿ. ನಾವೆಲ್ಲ ಒಳಗೊಳಗೇ ಹೆಮ್ಮೆಪಟ್ಟೆವು.

ಅವತ್ತು ಸಕ್ಕರೆ ನೀರು ಕುಡಿಸುವಾಗ ಇವರ ಎದೆಯ ಮೇಲಿನ ಬೆಳ್ಳಿ ಕರಡಿಗೆ ಕಣ್ಣಿಗೆ ಬಿತ್ತು. ಇಷ್ಟಲಿಂಗ ಅದರೊಳಗೇ ಇತ್ತು. ಮುಚ್ಚಳ ತೆಗೆದಿರಲಿಲ್ಲ. ಬಟ್ಟಲಿನ ಹೂವೂ ಇಟ್ಟ ಹಾಗೇ ಇತ್ತು.

ಇವರು ಪೂಜೆ ಮಾಡುತ್ತಲೇ ಇರಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ಅಷ್ಟೊತ್ತು ಕೂತು ಏನು ಮಾಡ್ತೀರಿ ಯಜಮಾನ್ರೇ?"

"ಏನೂ ಇಲ್ಲ ಕಣಮ್ಮ. ಕೈ ಎತ್ತಕ್ಕೇ ಮನಸ್ಸು ಬರಾಕಿಲ್ಲ. ಕಣ್ಣು ಮುಚ್ಕೊಂಡಿದ್ರೆ ಯಾರೂ ಮಾತಾಡ್ಸಾಕಿಲ್ಲ."



"ಇದು ಡಿಪ್ರೆಶನ್. ಶುಗರ್ ಇರೋ ತುಂಬಾ ಜನಕ್ಕೆ ಬರುತ್ತೆ. ಎರಡಕ್ಕೂ ಟ್ರೀಟ್‌ಮೆಂಟ್ ಇದೆ" ಎಂದರು. ನನ್ನ ಕಡೆ ತಿರುಗಿ, "ಇನ್ಮೇಲೆ ತಟ್ಟೆ ಮುಂದೆ ಬಂದ ಮೇಲೇ ಇಂಜೆಕ್ಷನ್, ಗೊತ್ತಾಯ್ತಾಮ್ಮ?"

ಮನೆಗೆ ಬಂದರೆ ನಾದಿನಿಯ ರಾಗ. "ಹುಚ್ಚಿನ ಮಾತ್ರೆ ಯಾಕತ್ತಿಗೆ? ನೆಂಟರಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಬುಡು. ನಂಗೆ ನಿಮ್ಮಣ್ಣ ಬದುಕ್ಬೇಕು."

ಪೂಜೆಯಿಲ್ಲದೆ ಇವರು ಉಣ್ಣುವುದಿಲ್ಲ, ಉಣ್ಣದೆ ಉಳಿಯುವುದಿಲ್ಲ. ಮುಂಚೆ ನಾನು ಬೇಗ ಎದ್ದು ನನ್ನ ಪೂಜೆ ಮುಗಿಸಿಕೊಳ್ಳುತ್ತಿದ್ದೆ. ಈಗ ಇವರ ಪಕ್ಕದಲ್ಲೇ ಮಣೆ ಹಾಕಿಕೊಂಡು, ನನ್ನ ಲಿಂಗವನ್ನು ಅಂಗೈಯಲ್ಲಿಟ್ಟು, "ಎಲ್ಲಿ, ನಿಮ್ದೂ ತೆಗೀರಿ" ಎಂದು ಗದರತೊಡಗಿದೆ. ಕೆಲವು ದಿನ ತೆಗೆಯುತ್ತಿದ್ದರು. ಕೆಲವು ದಿನ ಗೋಡೆ ನೋಡುತ್ತಿದ್ದರು. ಇನ್ನೊಬ್ಬರ ಲಿಂಗ ಮುಟ್ಟುವಂತಿಲ್ಲ, ಇಲ್ಲದಿದ್ದರೆ ನಾನೇ ತೆಗೆದಿಡುತ್ತಿದ್ದೆ. ಅಂಥ ದಿನ ಜಗಳವಾಡಿ, ಅತ್ತು, ಹಾಲಾದರೂ ಕುಡಿಸಿಯೇ ಬಿಡುತ್ತಿದ್ದೆ.

ಎಲ್ಲ ಸರಿಹೋಯಿತು ಎನ್ನಲಾರೆ. ಮಾತ್ರೆ ನಡೆಯುತ್ತಿದೆ, ಜೋಮು ಇದ್ದೇ ಇದೆ. ಆದರೆ ಮೊನ್ನೆ ನಾನಿನ್ನೂ ಕಣ್ಣು ಮುಚ್ಚಿರುವಾಗಲೇ ಇವರ ಪೂಜೆ ಮುಗಿದಿತ್ತು. ಮೊಣಕೈಯಿಂದ ತಿವಿದರು.

"ಅಸಿವಾಯ್ತದೆ ಕಣೆ. ಇನ್ನೂ ಎಷ್ಟೊತ್ತು ನಿಂದು?"

ನನ್ನದು ಅರ್ಧವೂ ಆಗಿರಲಿಲ್ಲ. ಎದ್ದೇಬಿಟ್ಟೆ. ಶಿವ ಬೇಕಾದರೆ ಕಾಯಲಿ.