ಮನೆಯಿಂದ ಸಮುದ್ರಕ್ಕೆ ಎಷ್ಟು ಹೆಜ್ಜೆ

ಮೀನಿನ ಸಾಬರ ಅಂಗೈಗಳು ಯಾವಾಗಲೂ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು, ಬಹಳ ಹೊತ್ತು ನೀರಿನಲ್ಲಿ ಆಡಿದ ಮಕ್ಕಳ ಕೈಯ ಹಾಗೆ. ಬೆಳಗಿನಿಂದ ಐಸಿನೊಳಗೆ ಕೈ ಹಾಕಿ ಮೀನು ತೆಗೆಯುವವರಿಗೆ ಹಾಗಾಗುತ್ತದಂತೆ. ಆ ದಿನವೂ ಅವರು ನಮ್ಮ ಅಂಗಡಿಯ ಪಕ್ಕದ ನಲ್ಲಿಯಲ್ಲಿ ಎರಡು ಸಲ ಸೋಪು ಹಾಕಿ ಕೈ ತೊಳೆದುಕೊಂಡರು. ಮೂಸಿ ನೋಡಿಕೊಂಡರು. ಆಮೇಲೆ ಎದುರಿನ ಹೋಟೆಲಿನ ಚಹಾ ಹಿಡಿದುಕೊಂಡು ಬಂದು, ಎಂದಿನಂತೆ ಅಂಗಡಿಯ ಮೆಟ್ಟಿಲ ಕೆಳಗೇ ನಿಂತರು. ಮೇ ತಿಂಗಳು ಮುಗಿಯುತ್ತಿತ್ತು. ಇನ್ನೆರಡು ದಿನದಲ್ಲಿ ಮೀನಿನ ಬೋಟುಗಳು ಕಡಲಿಗಿಳಿಯುವುದು ನಿಲ್ಲುತ್ತದೆ, ಮಳೆ ಕಳೆಯುವವರೆಗೆ ಅವರ ಗಾಡಿ ದಿನಾ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಸಾವ್ಕಾರ್ರೆ, ಆ ಹಿಂದಿನ ಕೋಣೆ ವಿಷಯ ಎಂತ ಆಯ್ತು?"

"ಅಮ್ಮ ಒಪ್ತಿಲ್ಲ ಸಾಬ್ರೆ," ಅಂದೆ.

ಅದು ಸುಳ್ಳು. ಅಮ್ಮ ಒಪ್ಪಿದ್ದರು. ಒಪ್ಪದವನು ನಾನು.

ಅವರು ಒಂದು ಕ್ಷಣ ಅಂಗಡಿಯ ಒಳಬಾಗಿಲ ಕಡೆ ನೋಡಿದರು. ಆಮೇಲೆ ನಕ್ಕು, "ಆಯ್ತು ಬಿಡಿ. ಹಿರಿಯರು ಬೇಡ ಅಂದ ಮೇಲೆ ನಾವು ಮಾತಾಡ್ಲಿಕ್ಕೆ ಇಲ್ಲ," ಅಂದರು. ಲೋಟ ತೊಳೆದು ಹೋಟೆಲಿಗೆ ಕೊಟ್ಟು, ಗಾಡಿ ಹತ್ತಿ ಚಾರ್ಮಾಡಿ ಘಾಟಿಯ ಕಡೆ ತಿರುಗಿಸಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಕೊಟ್ಟಿಗೆಹಾರದಲ್ಲಿ ನಮ್ಮದು ದಿನಸಿ ಅಂಗಡಿ. ನಾವು ಶೈವರು, ಮೀನು ಮಾಂಸ ಮುಟ್ಟುವವರಲ್ಲ. ಅಂಥ ಅಂಗಡಿಯ ಪಕ್ಕದಲ್ಲೇ ವಾರಕ್ಕೆ ಆರು ದಿನ ಮೀನಿನ ಗಾಡಿ ನಿಲ್ಲುವುದೆಂದರೆ ಮೊದಮೊದಲು ನನಗೆ ತಡೆಯಲಾಗಲಿಲ್ಲ. ಆದರೆ ಜಾಗ ರಸ್ತೆಯದು. ಎಸ್ಟೇಟಿನ ಕೆಲಸದವರು, ಲೆಕ್ಕ ಬರೆಯುವ ರೈಟರುಗಳು, ಜೀಪಿನವರು ಎಲ್ಲರೂ ಅಲ್ಲೇ ಬರುತ್ತಿದ್ದರು. ಮಂಗಳೂರಿನ ಆಚೆ, ಕಡಲ ದಡದ ಒಂದು ಊರಿನಿಂದ ಬಂಗುಡೆ, ಬೂತಾಯಿ ಮೀನು ತುಂಬಿಕೊಂಡು ಅವರು ಘಟ್ಟ ಹತ್ತಿ ಬರುತ್ತಿದ್ದರು. ನಾವೆಲ್ಲ ಅವರನ್ನು ಮೀನಿನ ಸಾಬರು ಎಂದೇ ಕರೆಯುತ್ತಿದ್ದೆವು.

ಅಂಗಡಿ ಇಟ್ಟವನಿಗೆ ಅನುಮಾನ ಕೆಲಸದ ಒಂದು ಭಾಗ. ಕರಿಮೆಣಸಿನಲ್ಲಿ ಪಪ್ಪಾಯಿ ಬೀಜ ಇದೆಯೇ, ಚೀಲದ ತಳದಲ್ಲಿ ಕಲ್ಲು ಇದೆಯೇ ಎಂದು ನೋಡಿ ನೋಡಿ, ಕೊನೆಗೆ ಮನುಷ್ಯರನ್ನೂ ಹಾಗೆಯೇ ಕೈಯಾಡಿಸಿ ನೋಡುವ ಬುದ್ಧಿ ಬರುತ್ತದೆ. ಸಾಬರ ಎಲ್ಲದರಲ್ಲೂ ನಾನು ಏನೋ ಇದೆ ಎಂದು ಹುಡುಕಿದವನು. ಮೀನಿನ ಗಾಡಿಯವರು ದೂರದಿಂದಲೇ ಪೋಂ ಪೋಂ ಎಂದು ಹಾರ್ನ್ ಹಾಕಿಕೊಂಡು ಬರುತ್ತಾರಲ್ಲ, ಇವರು ನಮ್ಮ ಅಂಗಡಿಯ ಹತ್ತಿರ ಬಂದಾಗ ಹಾರ್ನ್ ನಿಲ್ಲಿಸುತ್ತಿದ್ದರು. ಯಾರಿಂದಲೋ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಒಂದು ದಿನ ಕೇಳಿಯೇಬಿಟ್ಟೆ.

"ಆ ಹೊತ್ತಿಗೆ ಅಮ್ಮ ಪೂಜೆಗೆ ಕೂತಿರ್ತಾರಲ್ಲ ಮಾರಾಯ್ರೆ. ಒಳಗಿಂದ ಗಂಟೆ ಕೇಳ್ತದೆ," ಅಂದರು.

ಆಗಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಅಮ್ಮನಿಂದ ಏನೋ ಆಗಬೇಕಾಗಿರಬೇಕು ಎಂದುಕೊಂಡೆ.

ಅಮ್ಮನಿಗೆ ಮಾತ್ರ ಅವರ ಮೇಲೆ ವಿಶ್ವಾಸ. ಅದಕ್ಕೆ ಕಾರಣ ಸಮುದ್ರ. ಇಷ್ಟು ಹತ್ತಿರದ ಘಟ್ಟದ ಮೇಲಿದ್ದೂ ಅಮ್ಮ ಸಮುದ್ರ ನೋಡಿದವರಲ್ಲ. ಮದುವೆಯಾದ ಹೊಸದರಲ್ಲಿ ಅಪ್ಪ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಹೇಳಿಯೇ ಮುಗಿಸಿದರು. ಈಗ ಮೊಣಕಾಲು ನೋವು, ಬಸ್ಸು ಹತ್ತಲಾಗದು. ಹಾಗಾಗಿ ಪೂಜೆ ಮುಗಿಸಿ ಅಂಗಡಿಗೆ ಬಂದು ಕೂತು, ಸಾಬರು ಚಹಾ ಕುಡಿಯುವಷ್ಟು ಹೊತ್ತು ಪ್ರಶ್ನೆ ಕೇಳುತ್ತಿದ್ದರು.

"ನೀವು ದಿನಾ ಸಮುದ್ರಕ್ಕೆ ಹೋಗ್ತೀರಲ್ಲ ಸಾಬ್ರೆ? ಬೆಳಗ್ಗೆ ಹೋಗ್ತೀರೋ ಸಂಜೆಗೋ?"

"ಇಲ್ಲ ಅಮ್ಮ. ನಾನು ಹೋಗುದು ವರ್ಷಕ್ಕೆ ಒಂದು ಸಲ."

"ಅಯ್ಯೋ! ಮನೆ ಬಾಗಿಲಲ್ಲೇ ಇಟ್ಕೊಂಡು?"

"ಮನೆ ಬಾಗಿಲಲ್ಲಿ ಇದ್ದದ್ದನ್ನು ಯಾರು ನೋಡ್ಲಿಕ್ಕೆ ಹೋಗ್ತಾರೆ? ನಮ್ಮ ಊರಲ್ಲಿ ಸಂಜೆ ಕಡಲ ಕರೆಯಲ್ಲಿ ಕೂತುಕೊಳ್ಳುವವರು ಎಲ್ಲ ಹೊರಗಿನವರು. ಕಡ್ಲೆ ತಿಂತಾರೆ, ಚಪ್ಪಲಿ ಕಳ್ಕೊಳ್ತಾರೆ, ಹೋಗ್ತಾರೆ."

ನಾನು ನಡುವೆ ಬಾಯಿ ಹಾಕಿದೆ. "ದಿನಾ ದಕ್ಕೆಗೆ ಹೋಗಿ ಮೀನು ತರ್ತೀನಿ ಅಂತೀರಿ. ಅಲ್ಲಿ ಸಮುದ್ರ ಇಲ್ವಾ?"

"ದಕ್ಕೆ ಬೇರೆ, ಸಮುದ್ರ ಬೇರೆ. ಬೋಟು ಬರುವ ಹೊತ್ತಿಗೆ ದಕ್ಕೆಯಲ್ಲಿ ಹರಾಜು, ಗಲಾಟೆ. ಮೀನು ನೋಡ್ಲಿಕ್ಕೇ ಪುರುಸೊತ್ತಿಲ್ಲ, ನೀರು ಯಾರು ನೋಡ್ತಾರೆ? ನೀವು ಹೇಳಿ, ಘಾಟಿಯಲ್ಲಿ ಬೆಂಗ್ಳೂರಿನವರು ಕಾರು ನಿಲ್ಲಿಸಿ ಫೋಟೋ ತೆಗೀತಾರಲ್ಲ, ಮೂರು ಕಿಲೋಮೀಟರ್ ಇಲ್ಲ ಇಲ್ಲಿಂದ. ನೀವು ಅಲ್ಲಿ ನಿಂತು ಎಷ್ಟು ವರ್ಷ ಆಯ್ತು?"

ಅಮ್ಮ ಜೋರಾಗಿ ನಕ್ಕರು. "ಹೇಳೋ ಈಗ!" ಅಂದರು ನನಗೆ. ನಾನು ತಕ್ಕಡಿಯ ಕಡೆ ತಿರುಗಿದೆ. ಆದರೆ ವರ್ಷಕ್ಕೆ ಒಂದೇ ಸಲ ಎಂಬ ಮಾತು ಮನಸ್ಸಿನಲ್ಲಿ ಉಳಿಯಿತು. ಒಂದು ಸಲ ಎಂದರೆ ಯಾವಾಗ ಎಂದು ಬೇರೆ ಬೇರೆ ದಿನ, ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಪ್ರತಿಸಲವೂ ಮಳೆ ಬಿಟ್ಟ ಮೇಲೆ, ನವರಾತ್ರಿಯ ಹೊತ್ತಿಗೆ ಎಂದೇ ಅಂದರು. ಯಾಕೆ ಎಂದರೆ "ಹೀಗೇ" ಅನ್ನುತ್ತಿದ್ದರು.

ನನ್ನ ಅನುಮಾನಕ್ಕೆ ಹಿಡಿಯಲು ಸಿಕ್ಕಿದ್ದು ಇನ್ನೊಂದು. ಮೊದಲ ವರ್ಷ ಅಮ್ಮ, "ಮನೆಯಿಂದ ಸಮುದ್ರ ಎಷ್ಟು ದೂರ?" ಎಂದು ಕೇಳಿದಾಗ ಅವರು ಇನ್ನೂರು ಹೆಜ್ಜೆ ಅಂದಿದ್ದರು. "ನಮ್ಮ ಜಗಲಿಯಿಂದ ಸರಿಯಾಗಿ ಇನ್ನೂರು. ಬನ್ನಿ ಅಮ್ಮ ಒಂದು ಸಲ, ನನ್ನ ಗಾಡಿಯಲ್ಲೇ ಮುಂದೆ ಕೂತು ಬನ್ನಿ. ಊಟ ಬೇಡ ಅಂದ್ರೆ ಬೇಡ, ಎಳನೀರು ಕುಡಿಯಿರಿ." ಎರಡು ವರ್ಷ ಕಳೆದ ಮೇಲೆ ಅದೇ ಪ್ರಶ್ನೆಗೆ ನೂರೈವತ್ತು ಅಂದರು. ಇನ್ನೊಂದು ಸಲ ನೂರು. ಹೋದ ವರ್ಷ ಅರವತ್ತು ಅಂದಾಗ ನಾನು ತಕ್ಕಡಿ ಬಿಟ್ಟು ಈಚೆ ಬಂದೆ.

"ಸಾಬ್ರೆ, ನಿಮ್ಮ ಮನೆಗೆ ಕಾಲಿದ್ಯಾ? ವರ್ಷ ವರ್ಷ ಸಮುದ್ರದ ಕಡೆ ನಡ್ಕೊಂಡು ಹೋಗ್ತಿದೆಯಲ್ಲ!"

ಗಾಡಿಯ ಸುತ್ತ ನಿಂತವರೆಲ್ಲ ನಕ್ಕರು. ಸಾಬರೂ ನಕ್ಕರು. "ಹೌದು ಮಾರಾಯ್ರೆ, ಹಾಗೇ ಆಗಿದೆ," ಎಂದು ಹೇಳಿ ತೂಕಕ್ಕೆ ಇನ್ನೊಂದು ಬಂಗುಡೆ ಹಾಕಿದರು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಅಮ್ಮನಿಗೆ ಹೇಳಿದೆ. "ಸುಳ್ಳು ಹೇಳೋರಿಗೆ ಮೊದಲು ಏನು ಹೇಳಿದ್ದೆ ಅನ್ನೋದು ನೆನಪಿರಲ್ಲ. ಈಗ ಕರೆಯೋದೂ ಬಿಟ್ರು, ಗಮನಿಸಿದ್ಯಾ? ಮನೆ ಇದ್ರೆ ತಾನೆ ಕರೆಯೋದು."

"ಇದ್ರೂ ಇಲ್ದಿದ್ರೂ ನಿಂಗೇನೋ ನಷ್ಟ?" ಅಂದರು ಅಮ್ಮ.

ಈ ವರ್ಷ ಯುಗಾದಿ ಕಳೆದ ಮೇಲೆ ಅವರು ಕೋಣೆ ಕೇಳಿದರು. ಅಂಗಡಿಯ ಹಿಂದೆ ನಮ್ಮದೊಂದು ಕೋಣೆ ಇದೆ, ಹಳೆಯ ಗೋಣಿಚೀಲ, ಡಬ್ಬ ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಮಳೆಗಾಲದ ಮೂರು ತಿಂಗಳು ತನಗೂ ಹೆಂಡತಿಗೂ ಅದನ್ನು ಬಾಡಿಗೆಗೆ ಕೊಡಬಹುದೇ ಎಂದು ಕೇಳಿದರು. ಬೋಟು ನಿಂತಾಗ ಇಲ್ಲೇ ಇದ್ದು ಒಣಮೀನು ಮಾರುತ್ತೇನೆ, ಒಣಮೀನನ್ನು ಗಾಡಿಯಲ್ಲೇ ಇಡುತ್ತೇನೆ, ಕೋಣೆಯೊಳಗೆ ತರುವುದಿಲ್ಲ ಅಂದರು.

"ನಿಮ್ಮ ಮನೆ ಬಿಟ್ಟು ಈ ಮಳೆಗೆ ಯಾಕೆ ಬರ್ತೀರಿ?"

"ಮಳೆಗಾಲದಲ್ಲಿ ಸಮುದ್ರದ್ದು ಶಬ್ದ ಜಾಸ್ತಿ. ಹೆಂಡತಿಗೆ ನಿದ್ದೆ ಬರುದಿಲ್ಲ."

ಇದನ್ನು ಯಾರು ನಂಬುತ್ತಾರೆ? ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ನಾವೇ ಎಲ್ಲಿಗಾದರೂ ಓಡಿಹೋಗೋಣ ಅನ್ನಿಸುತ್ತದೆ. ಬಟ್ಟೆ ಒಣಗುವುದಿಲ್ಲ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ. ಹುಟ್ಟಿದಾಗಿನಿಂದ ಅಲೆಯ ಶಬ್ದ ಕೇಳಿದ ಹೆಂಗಸಿಗೆ ಈಗ ಅದರಿಂದ ನಿದ್ದೆ ಬಾರದೇ? ಒಳಗೆ ಬಂದರೆ ಬಿಡುವುದಿಲ್ಲ, ಮೂರು ತಿಂಗಳು ಎಂಬುದು ಮೂರು ವರ್ಷವಾಗುತ್ತದೆ, ಆಮೇಲೆ ಅಲ್ಲೇ ಮೀನಿನ ಅಂಗಡಿ ಎಂದೆಲ್ಲ ಲೆಕ್ಕ ಹಾಕಿದೆ. ಅಮ್ಮನಿಗೆ ಹೇಳಿದರೆ, "ಕೊಡೋ ಮಾರಾಯ. ಬರೀ ಗೋಣಿಚೀಲ ಕೊಳೀತಾ ಬಿದ್ದಿದೆ. ಒಳಗೆ ಬೇಯಿಸಬಾರ್ದು ಅಂತ ಹೇಳು, ಮುಗೀತು," ಅಂದರು. ಅಮ್ಮನಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಅವರು ಬೇಡ ಅಂದಿದ್ದರೆ ಸುಲಭವಾಗುತ್ತಿತ್ತು. ಹಾಗಾಗಿ ಅವರು ಬೇಡ ಅಂದರು ಎಂದೇ ಹೇಳಿದೆ.

ಜೂನ್ ಬಂತು. ಮಳೆ ಹಿಡಿಯಿತು. ಸಾಬರು ಬರಲಿಲ್ಲ. ಬೋಟು ನಿಂತಿದೆ, ಸಹಜ. ಜುಲೈಯಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆಯೂ ನಿಂತಿತು. ಬೇರೆ ವರ್ಷ ಈ ಹೊತ್ತಿನಲ್ಲೂ ಒಂದೆರಡು ಸಲ ಒಣಮೀನು ತರುತ್ತಿದ್ದರು. ಕೋಣೆ ಕೊಡಲಿಲ್ಲವೆಂದು ಸಿಟ್ಟು ಬಂದಿರಬೇಕು, ಕಳಸದ ಕಡೆ ಮಾರಲು ಹೋಗುತ್ತಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡಾಗ ನನಗೆ ಸ್ವಲ್ಪ ಸಮಾಧಾನವೂ ಆಯಿತು.

ರಸ್ತೆ ಮತ್ತೆ ತೆರೆದ ಮೇಲೆ ಒಂದು ಬೆಳಗ್ಗೆ ಎದುರು ಹೋಟೆಲಿನವರು ದಾಟಿ ಬಂದರು. ಮಂಗಳೂರು ಬಸ್ಸಿನವರು ಹೇಳಿದರಂತೆ.

"ಮೀನಿನ ಸಾಬ್ರು ತೀರಿಹೋದ್ರಂತಲ್ಲ ಮಾರಾಯ. ಹದಿನೈದು ದಿನ ಆಯ್ತಂತೆ. ಅವ್ರ ಮನೆ ಅರ್ಧ ಸಮುದ್ರಕ್ಕೆ ಬಿತ್ತಂತೆ."

ನಾನು ಕೇಳಿದ್ದು, "ಅವರಿಗೆ ಮನೆ ಇತ್ತಾ?" ಎಂದು. ನನ್ನ ಬಾಯಿಂದ ಮೊದಲು ಬಂದ ಮಾತು ಅದು. ಹೋಟೆಲಿನವರು ನನ್ನ ಮುಖ ನೋಡಿ ರಸ್ತೆ ದಾಟಿ ಹೋದರು.

ಅಮ್ಮ ವಿಷಯ ಕೇಳಿ ಒಳಗೆ ಹೋಗಿ ಬಾಗಿಲ ಬಳಿ ಕೂತರು. ಆಮೇಲೆ ಅಂದರು: "ಅವರು ಕೋಣೆ ಕೇಳಿದ ವಾರವೇ, ನೀನು ಮೂಡಿಗೆರೆಗೆ ಹೋಗಿದ್ದಾಗ ನಾನೇ ಅವರ ಹತ್ರ ಹೇಳಿದ್ದೆ. ನಂದೇನೂ ಅಡ್ಡಿ ಇಲ್ಲ, ಹೆಂಡ್ತೀನ ಕರ್ಕೊಂಡು ಬನ್ನಿ, ಮಗ ಕೋಣೆ ಗುಡಿಸಿಡ್ತಾನೆ ಅಂತ. ಯಾಕೆ ಬರ್ಲಿಲ್ವೋ."

ಹಾಗಾದರೆ ಆ ಕೊನೆಯ ದಿನ, ಅಮ್ಮ ಒಪ್ಪುತ್ತಿಲ್ಲ ಎಂದು ನಾನು ಹೇಳಿದಾಗ, ಅದು ಸುಳ್ಳೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕು ಲೋಟ ತೊಳೆದಿಟ್ಟು ಹೋಗಿದ್ದರು. ಅಷ್ಟು ವರ್ಷ ನಾನು ಅವರ ಸುಳ್ಳು ಹುಡುಕಿದೆ. ನನ್ನದು ಅವರಿಗೆ ಹುಡುಕದೆಯೇ ಸಿಕ್ಕಿತ್ತು.

ಮುಂದಿನ ವಾರ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಸಾಬರ ಹೆಂಡತಿ ತನ್ನ ತಮ್ಮನ ಮನೆಯಲ್ಲಿದ್ದರು. ಆ ತಮ್ಮ ಮೊದಲು ನನ್ನನ್ನು ಕರೆದುಕೊಂಡು ಹೋಗಿ ಮನೆ ತೋರಿಸಿದರು. ರಸ್ತೆಯ ಕಡೆಯ ಎರಡು ಗೋಡೆ ನಿಂತಿದ್ದವು. ಆ ಗೋಡೆಗಳ ಹಿಂದೆ ಅಡುಗೆಮನೆ ಇರಬೇಕಾದಲ್ಲಿ ನೀರು. ಒಂದು ತೆಂಗಿನ ಮರ ಬೇರು ಮೇಲೆ ಮಾಡಿ ಮಲಗಿತ್ತು.

"ಆಚೆ ತೋಟ ಇತ್ತು. ನಾಲ್ಕು ಸಾಲು ತೆಂಗು," ಎಂದು ಅವರು ನೀರಿನ ಕಡೆ ಕೈ ತೋರಿಸಿದರು. "ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಭಾವ ಜಗಲಿಯಿಂದ ನೀರಿನವರೆಗೆ ಹೆಜ್ಜೆ ಎಣಿಸಿ ಬರ್ತಿದ್ರು. ಅದೊಂದು ದಿನ ಬಿಟ್ರೆ ಈ ಕಡೆ ತಿರುಗಿ ನೋಡ್ತಾ ಇರ್ಲಿಲ್ಲ. ನಾವು ಯಾರೂ ನೋಡುದಿಲ್ಲ. ನೋಡಿದ್ರೆ ಹೆದರಿಕೆ ಆಗ್ತದೆ."

ಗೋಡೆ ಬಿದ್ದ ಮೇಲೆ ಉಳಿದ ಹೆಂಚುಗಳನ್ನಾದರೂ ಉಳಿಸಿಕೊಳ್ಳೋಣವೆಂದು ಸಾಬರೂ ಈ ತಮ್ಮನೂ ಇಳಿಸುತ್ತಿದ್ದರಂತೆ. ಸುಸ್ತು ಎಂದು ಕೂತ ಸಾಬರು ಏಳಲಿಲ್ಲವಂತೆ. ಕೊಟ್ಟಿಗೆಹಾರದಲ್ಲಿ ಇದ್ದಿದ್ದರೆ ಆ ಹೆಂಚು ಹೊರುತ್ತಿರಲಿಲ್ಲ. ಹೊರದಿದ್ದರೂ ಹೋಗುತ್ತಿದ್ದರೋ ಏನೋ. ಅದನ್ನು ನನಗೆ ಯಾರೂ ಹೇಳಲಾರರು.

ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹೊರಗಿನ ಗಂಡಸರ ಎದುರಿಗೆ ಬರುವ ಪದ್ಧತಿ ಅವರಲ್ಲಿಲ್ಲ. ಹಾಗಾಗಿ ಹೆಂಡತಿಯನ್ನು ನಾನು ನೋಡಲಿಲ್ಲ. ಜಗಲಿಯಲ್ಲಿ ಕೂತೆ. ಒಳಬಾಗಿಲ ಪರದೆಯ ಹಿಂದಿನಿಂದ ದನಿ ಬಂತು.

"ಕೊಟ್ಟಿಗೆಹಾರದ ಸಾವ್ಕಾರ್ರಾ? ನಿಮ್ಮ ಅಮ್ಮ ಹೇಗಿದ್ದಾರೆ? ಕಾಲುನೋವು ಕಡಿಮೆ ಉಂಟಾ?"

ಕಡಿಮೆ ಇದೆ ಅಂದೆ.

"ಮಳೆಗಾಲಕ್ಕೆ ನಿಮ್ಮಲ್ಲಿಗೆ ಬರುದು ಅಂತ ಹೇಳಿದ್ರು. ನಾನು ಪಾತ್ರೆ ಎಲ್ಲ ಕಟ್ಟಿ ಇಟ್ಟಿದ್ದೆ."

"ಮನೆ ಹೀಗಾಗ್ತಿದೆ ಅಂತ ಅವರು ಒಂದು ಮಾತು ಹೇಳಿದ್ರೆ ನಾನು ಅವತ್ತೇ ಕೊಡ್ತಿದ್ದೆ," ಅಂದೆ. ನನ್ನ ದನಿ ನನಗೇ ವಾದ ಮಾಡುವವನ ದನಿಯಂತೆ ಕೇಳಿಸಿತು.

"ನಾನೂ ಅದನ್ನೇ ಹೇಳಿದ್ದು, ವಿಷಯ ಹೇಳಿ ಕೇಳಿ ಅಂತ. ಅವರು ಕೇಳ್ಲಿಲ್ಲ. ಕಷ್ಟ ಹೇಳಿದ್ರೆ ಯಾರಾದ್ರೂ ಕೊಡ್ತಾರೆ, ಸಾವ್ಕಾರ್ರಿಗೆ ಅದೆಲ್ಲ ಹೇಳ್ಬೇಕಂತ ಇಲ್ಲ, ಸುಮ್ಮನೆ ಕೇಳಿದ್ರೂ ಕೊಡ್ತಾರೆ, ಅಂಥ ಜನ ಅಂತ ಹೇಳಿದ್ರು."

ಈಗಲಾದರೂ ಬನ್ನಿ, ಕೋಣೆ ಗುಡಿಸಿಟ್ಟಿದ್ದೇನೆ ಎಂದೆ. ತಮ್ಮ ಮೆಲ್ಲಗೆ, "ಈಗ ಎಂತಕ್ಕೆ ಸಾವ್ಕಾರ್ರೆ, ಇಲ್ಲಿ ಇದ್ದಾರಲ್ಲ," ಅಂದರು. ಎಳನೀರು ತಂದುಕೊಟ್ಟರು. ಕುಡಿದು ಬಂದೆ.

ಈಗ ಬೇರೆಯವರೊಬ್ಬರು ಮೀನು ತರುತ್ತಾರೆ. ಒಳ್ಳೆಯ ಮನುಷ್ಯರೇ. ಬರುತ್ತಾರೆ, ವ್ಯಾಪಾರ ಮುಗಿಸಿ ಹೋಗುತ್ತಾರೆ. ನನ್ನಲ್ಲಿ ಏನನ್ನೂ ಕೇಳುವುದಿಲ್ಲ. ಊರಿನಲ್ಲಿಯೂ ಯಾರೂ ಕೇಳುವುದಿಲ್ಲ. ನಾನು ಎಂಥವನೆಂದು ಎಲ್ಲರಿಗೂ ಗೊತ್ತು. ಸುಮ್ಮನೆ ಕೇಳಿದರೂ ನಾನು ಕೊಡುತ್ತೇನೆ ಎಂದು ನಂಬಿದ್ದವರು ಒಬ್ಬರೇ ಇದ್ದರು. ಅವರು ಇಲ್ಲ.