ರೀಲು ಬದಲಾಗುವಾಗ ಅತ್ತೆಯ ತೀರ್ಪು

ನಾನು ಓದು ನಿಲ್ಲಿಸಿದ್ದು ೧೯೫೨ರಲ್ಲಿ, ಅಪ್ಪ ಸತ್ತ ವರ್ಷ. ರಾಜಾನುಕುಂಟೆಯಿಂದ ಯಲಹಂಕಕ್ಕೆ ಬಂದು ಸೋದರತ್ತೆಯ ಮನೆ ಸೇರಿದೆ, ಕಲ್ಲು ಒಡೆಯುವ ಕೆಲಸ ಹಿಡಿದೆ. ಅತ್ತೆ ಎಂದರೆ ನನಗೆ ಮೊದಲು ನೆನಪಾಗುವುದು ಅವಳ ಎಡಗೆನ್ನೆ. ಎಲೆಅಡಿಕೆ ಕಡ್ಡಿಪುಡಿಯ ಉಂಡೆ ಅಲ್ಲಿ ನೆಲ್ಲಿಕಾಯಿಯಷ್ಟು ಉಬ್ಬಿಕೊಂಡಿರುತ್ತಿತ್ತು. ಟೆಂಟು ಸಿನಿಮಾಕ್ಕೆ ಹೋದರೆ ಹೆಂಗಸರ ಕಡೆಯ ಮರಳಿನಲ್ಲಿ ಕೂತು, ಮುಂದೆ ಅಂಗೈಯಗಲದ ಗುಂಡಿ ತೋಡಿಕೊಳ್ಳುತ್ತಿದ್ದಳು. ತೆರೆಯ ಮೇಲೆ ಹೀರೋ ಬಂದಾಗಲೆಲ್ಲ ಗುಂಡಿಗೆ ಉಗಿಯುತ್ತಿದ್ದಳು.

ಟೆಂಟಿನಲ್ಲಿ ಇದ್ದದ್ದು ಒಂದೇ ಮೆಷಿನ್ನು. ಪ್ರತಿ ರೀಲು ಮುಗಿದಾಗಲೂ ಮುಂದಿನದನ್ನು ಏರಿಸಲು ದೀಪ ಹತ್ತುತ್ತಿತ್ತು. ಆಗ ಗಂಡಸರ ಕಡೆ ಬೀಡಿ, ಕಡ್ಲೇಕಾಯಿ, ಹರಟೆ. "ಆ ಕಣ್ಣು ನೋಡಿದ್ಯೇನೋ, ಎಂಗ್ ತಿರುಗಿಸ್ದ" ಎಂದು ಒಬ್ಬ, "ಕೈ ಎತ್ತಿದ್ರೆ ಸಾಕು ಗುರು, ಕುತ್ಕೊಂಡೋರೆಲ್ಲ ಏಳ್ಬೇಕು" ಎಂದು ಇನ್ನೊಬ್ಬ. ಇವನ ಹೀರೋ ದೊಡ್ಡವನೋ ಅವನ ಹೀರೋ ದೊಡ್ಡವನೋ ಎಂದು ಅಂಗಿ ಹರಿದುಕೊಂಡವರನ್ನು ನಾನೇ ಬಿಡಿಸಿದ್ದೇನೆ. ಮನೆಯಲ್ಲಿ ಹೆತ್ತವ್ವ ಕೆಮ್ಮುತ್ತ ಬಿದ್ದಿದ್ದರೆ ಒಂದು ಲೋಟ ಬಿಸಿನೀರು ಕೊಡದವನು, ತೆರೆಯ ಮೇಲಿನ ತಾಯಿ ಸತ್ತಳೆಂದು ಟವಲು ಒದ್ದೆ ಮಾಡಿಕೊಳ್ಳುತ್ತಿದ್ದ. ನನಗೆ ಅದನ್ನು ಕಂಡರೆ ಹೇಸಿಗೆ. ದಿನವಿಡೀ ಸುತ್ತಿಗೆ ಎತ್ತಿದ ಕೈಗೆ ಚಪ್ಪಾಳೆ ತಟ್ಟುವ ಚಪಲ ಇರುವುದಿಲ್ಲ.

ಅದೇ ಬೆಳಕಿನಲ್ಲಿ ಹೆಂಗಸರ ಕಡೆಯಿಂದ ಅತ್ತೆಯ ಗಂಟಲು ಕೇಳುತ್ತಿತ್ತು. "ಮೂರು ಆಡು ಆಡ್ದ, ಒಂದ್ ದಿನಾನಾದ್ರೂ ದುಡಿದ್ನಾ ಇವ್ನು?" ಅನ್ನುವಳು. "ಅವ್ಳು ಅತ್ಕೊಂಡು ಕೂತವ್ಳೆ, ಇವ್ನು ಮರ ಸುತ್ತಾವ್ನೆ. ಥೂ." ಗಂಡಸರು ಬೈಯುವರು, ಹೆಂಗಸರು ಸೆರಗು ಬಾಯಿಗಿಟ್ಟು ನಗುವರು. ಇಷ್ಟು ಅಸಹ್ಯಪಟ್ಟುಕೊಂಡೂ ಒಂದು ಚಿತ್ರ ಬಿಟ್ಟವಳಲ್ಲ. ಯಾಕೆ ಹೋಗ್ತೀಯತ್ತೆ ಎಂದು ಒಮ್ಮೆ ಕೇಳಿದೆ.

"ಯಾವನಾದ್ರೂ ಒಬ್ಬ ಎಂಡ್ತಿ ಜೊತೆ ನೆಟ್ಟಗೆ ಬಾಳಿ ತೋರಿಸ್ತಾನೇನೋ ಅಂತ ಓಗ್ತೀನಿ ಕಣೋ. ಇನ್ನೂ ಯಾವನೂ ತೋರ್ಸಿಲ್ಲ."

ಅವಳ ಗಂಡ, ಎಂದರೆ ನನ್ನ ಮಾವ, ಮದುವೆಯಾದ ಹೊಸತರಲ್ಲಿ ಅನುಮಾನಪಟ್ಟು ಅವಳನ್ನು ಮನೆಯಿಂದ ಆಚೆ ಹಾಕಿದ್ದ. ಅನುಮಾನಕ್ಕೆ ತಲೆಬುಡ ಇರಲಿಲ್ಲ. ಆದರೂ ಊರ ಹಿರಿಯರು ಅವಳ ಕೈಲೇ ಅವನ ಕಾಲು ಹಿಡಿಸಿ ಒಳಗೆ ಸೇರಿಸಿದ್ದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು ಇದು.

೧೯೬೦ರ ಸುಮಾರಿಗೆ ಒಂದು ಚಿತ್ರ ಬಂತು. ಬಳೆಗಾರನ ಜೊತೆ ನಗುತ್ತ ಮಾತಾಡಿದಳೆಂದು ಹೀರೋ ಹೆಂಡತಿಯನ್ನು ಬೀದಿಗೆ ನೂಕುತ್ತಾನೆ. ಅವಳು ಪಡಬಾರದ್ದನ್ನೆಲ್ಲ ಪಟ್ಟು ಕೊನೆಗೆ ಅವನ ಕಾಲಿಗೇ ಬೀಳುತ್ತಾಳೆ, ಅವನು ಭುಜ ಹಿಡಿದು ಎತ್ತುತ್ತಾನೆ. ಟೆಂಟು ಹಾರಿಹೋಗುವಂಥ ಶಿಳ್ಳೆ. ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದರು. ದೇವರಂಥ ಗಂಡ ಎಂದರು. ಅತ್ತೆ ಆ ದಿನ ಗುಂಡಿಗೆ ಒಮ್ಮೆಯೂ ಉಗಿಯಲಿಲ್ಲ.

ಅದೇ ತಿಂಗಳು ಅವಳ ಒಬ್ಬಳೇ ಮಗಳನ್ನು ನೋಡಲು ತಣಿಸಂದ್ರದ ಕಡೆಯಿಂದ ಗಂಡು ಬಂತು. ಬಾವಿ, ತೋಟ, ಎರಡು ಜೊತೆ ಎತ್ತು ಇದ್ದ ಮನೆತನ. ಹುಡುಗ ಲಕ್ಷಣವಾಗಿದ್ದ. ಕ್ರಾಪು ಥೇಟು ಆ ಹೀರೋನದೇ. ಮಾವ ಆಗಲೇ ಅರ್ಧ ಒಪ್ಪಿಬಿಟ್ಟಿದ್ದ. ಹುಡುಗಿ ಒಮ್ಮೆ ಮುಖ ತೋರಿಸಿ ಒಳಗೆ ಹೋದಳು. ಉಪ್ಪಿಟ್ಟು ಕೊಟ್ಟ ಮೇಲೆ ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದಳು.

"ಆ ಪಿಚ್ಚರ್ ನೋಡಿದ್ಯೇನಪ್ಪ, ಎಂಡ್ತೀನ ಆಚೆ ಆಕೋದು?"

ಹುಡುಗನ ಮುಖ ಅರಳಿತು. "ನಾಕ್ ಸಲ ನೋಡಿದೀನತ್ತೆ."

"ಅವ್ನು ಮಾಡಿದ್ದು ಸರೀನಾ?"

"ಇನ್ನೇನ್ ಮಾಡ್ಬೇಕಿತ್ತು? ಗಂಡ್ಸು ಅಂದ್ಮೇಲೆ ರೋಷ ಬೇಡ್ವಾ. ಆ ಸೀನಲ್ಲಿ ಏನ್ ಆಕ್ಟಿಂಗು ಅಂತೀರಾ. ಕೊನೇಗೆ ಕಾಲಿಗೆ ಬಿದ್ಲಲ್ಲ, ಎತ್ಕೊಂಡ್ರಲ್ಲ."

"ಊಂ. ಉಪ್ಪಿಟ್ಟು ತಿಂದು, ಕಾಪಿ ಕುಡ್ದು ಏಳಿ. ಎಣ್ಣು ಕೊಡಾಕಿಲ್ಲ."

ಗಂಡಿನ ತಂದೆ ತಟ್ಟೆ ಕೆಳಗಿಟ್ಟ. "ಏನಮ್ಮ ಇದು, ಸಿನಿಮಾ ಮಾತಿಗೆ ಸಂಬಂಧ ಮುರೀತಾರಾ?" ಮಾವ ಎದ್ದು ನಿಂತು ಗದರಲು ಬಾಯಿ ತೆರೆದ. ಅತ್ತೆ ಅವನ ಕಡೆ ತಿರುಗಿ, "ನೀ ಸುಮ್ಕಿರು. ನಿನ್ ಉತ್ರ ನಂಗೊತ್ತು" ಎಂದಳು. ಮಾವ ಕೂತುಬಿಟ್ಟ. ಅವತ್ತು ಕೂತವನು ಆ ವಿಷಯಕ್ಕೆ ಮತ್ತೆ ಏಳಲಿಲ್ಲ.

ಬಂದವರು ಹೋದ ಮೇಲೆ ಅತ್ತದ್ದು ಮಗಳು. ಅವಳಿಗೆ ಆ ಹೀರೋ ಎಂದರೆ ಪ್ರಾಣ, ಆ ಕ್ರಾಪೂ ಮನಸ್ಸಿಗೆ ಹಿಡಿಸಿತ್ತು. "ಅವ್ವಾ, ಅದು ಬರೀ ಸಿನಿಮಾ ಕಣವ್ವಾ" ಎಂದು ಬಿಕ್ಕಿದಳು.

"ಸಿನಿಮಾ ಬರೀದೇ ಕಣೇ," ಎಂದಳು ಅತ್ತೆ. "ಅದ್ನ ನೋಡಿ ಸರಿ ಅಂದ್ನಲ್ಲ, ಅವ್ನು ಬರೀದಲ್ಲ."

ಸುದ್ದಿ ಟೆಂಟಿಗೆ ಮುಟ್ಟಿತು. ನಮ್ಮ ಹೀರೋನನ್ನು ಬೈದ ಹೆಂಗಸು ಎಂದು ಹುಡುಗರು ಅವಳ ಗೋಡೆಗೆ ಸಗಣಿ ಎಸೆದರು. ಒಂದು ಹೆಣ್ಣಿನ ಬಾಳಿನ ಮಾತು ಇದು ಎಂದು ಯಾವನಿಗೂ ಅನ್ನಿಸಲಿಲ್ಲ. ತಮ್ಮ ಹೆಸರೂ ತಿಳಿಯದ ಒಬ್ಬ ನಟನ ಮಾನ ಹೋಯಿತೆಂದು ಕುದಿಯುತ್ತಿದ್ದರು. ಇಂದಿಗೂ ಆ ಸಗಣಿಯ ವಾಸನೆ ನನ್ನ ಮೂಗಿನಲ್ಲಿದೆ. ಗೋಡೆ ತೊಳೆದವನು ನಾನು. ಆಮೇಲೆ ಎರಡು ವರ್ಷ ಆ ಮನೆಗೆ ಒಂದು ಗಂಡೂ ಬರಲಿಲ್ಲ. ನೀರು ಸೇದುವ ಕಡೆ ಹೆಂಗಸರು, "ಮಗಳ್ನ ಮನೇಲೇ ಇಟ್ಕೊಂಡು ಪಿಚ್ಚರ್ ನೋಡು" ಎಂದು ಅವಳ ಮುಖಕ್ಕೇ ಅಂದರು. ಅತ್ತೆ ಸೊರಗಿದಳು. ಕೇಳಿದ್ದು ತಪ್ಪಾಯಿತು ಎಂದು ಮಾತ್ರ ಒಂದು ದಿನವೂ ಅನ್ನಲಿಲ್ಲ.

ಕೊನೆಗೆ ನಾನೇ ಹೆಣ್ಣು ಕೇಳಿದೆ. ನನ್ನ ಪರವಾಗಿ ಕೇಳಲು ಹಿರಿಯರು ಇರಲಿಲ್ಲ. ಕೆಲಸದಿಂದ ಬಂದವನು ಮೈಮೇಲಿನ ಕಲ್ಲುಪುಡಿಯನ್ನೂ ತೊಳೆಯದೆ ಜಗಲಿಯಲ್ಲಿ ನಿಂತೆ. "ಅತ್ತೆ, ನಂಗೆ ಕೊಡ್ತೀಯಾ?"

ಅವಳು ಎಲೆಅಡಿಕೆಯ ಉಂಡೆಯನ್ನು ಬಲಗೆನ್ನೆಗೆ ಹೊರಳಿಸಿದಳು. "ಆ ಪಿಚ್ಚರ್‌ನೋನ್ ಬಗ್ಗೆ ನೀ ಏನಂತೀಯ?"

"ಅವ್ನಿಗೆ ಕೆಲ್ಸ ಇಲ್ಲ ಅತ್ತೆ. ಕೆಲ್ಸ ಇಲ್ದೋನಿಗೆ ಅನುಮಾನ ಜಾಸ್ತಿ. ನಾನು ದುಡಿಯೋನು." ಎದೆ ಉಬ್ಬಿಸಿಯೇ ಹೇಳಿದ್ದೆ. ಭೇಷ್ ಅನ್ನುತ್ತಾಳೆಂದುಕೊಂಡಿದ್ದೆ.

"ದುಡಿಯೋನಿಗೂ ಬತ್ತದೆ ಕಣೋ. ನಿಮ್ ಮಾವ ದುಡಿಯೋನಲ್ವಾ? ಬೇರೆ ಮನೆ ಮಾಡಿದ್ಮೇಲೆ ನಿಂಗೂ ಬಂದ್ ದಿನ ಅವ್ಳನ್ನ ಆಚೆ ಆಕ್ಬೇಡ. ನೀನೇ ಆಚೆ ಬಾ. ಬಂದು ನನ್ ಮನೇಲಿ ಉಣ್ಣು, ಮಲಿಕ್ಕೋ. ಬೆಳಿಗ್ಗೆ ಓಗು."

ಊಂ ಎಂದೆ. ಆಮೇಲೆ ಅತ್ತೆ ಮಗಳನ್ನು ಕರೆದು, "ನೀನೂ ಏನಾದ್ರೂ ಕೇಳೋದಿದ್ರೆ ಕೇಳ್ಕೊ" ಎಂದಳು. ಅವಳು ಬಾಗಿಲ ಹಿಂದಿನಿಂದಲೇ, "ಸಿನಿಮಾಕ್ಕೆ ಕಳಿಸ್ತೀಯಾ?" ಎಂದಳು. ಕಳಿಸುತ್ತೇನೆ ಎಂದೆ. ಮಾತು ಉಳಿಸಿಕೊಂಡಿದ್ದೇನೆ, ಹಲ್ಲು ಕಚ್ಚಿಕೊಂಡು.

ಅತ್ತೆ ೧೯೬೮ರಲ್ಲಿ ತೀರಿಹೋದಳು. ಕಡೆಯ ತಿಂಗಳುಗಳಲ್ಲಿ ಟೆಂಟಿನವರೆಗೆ ನಡೆಯಲು ಆಗುತ್ತಿರಲಿಲ್ಲ. ನನ್ನ ಹೆಂಡತಿ ಹೊಸ ಚಿತ್ರಗಳನ್ನು ನೋಡಿಬಂದು ಚಾಪೆಯ ಪಕ್ಕ ಕೂತು ಕತೆ ಹೇಳುತ್ತಿದ್ದಳು. ಸಾಯುವ ಹಿಂದಿನ ವಾರವೂ ಹೇಳಿದಳು. ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿ, "ಆಮೇಲೆ ಅವ್ಳೇನ್ ಮಾಡಿದ್ಲು?" ಎಂದಳು.

"ಕಾಲಿಗೆ ಬಿದ್ಲು ಕಣವ್ವಾ."

"ಬಿಡು," ಎಂದು ಅತ್ತೆ ಗೋಡೆಯ ಕಡೆಗೆ ಹೊರಳಿದಳು.

ಈಗ ನನಗಿರುವುದು ಇಷ್ಟು. ಅಬ್ಬಿಗೆರೆಯಲ್ಲಿ ನಾನೇ ಕೆತ್ತಿದ ಸೈಜುಗಲ್ಲಿನ ಮನೆ ಒಂದು. ಸುತ್ತಿಗೆ ಮೂರು. ಹೆಂಡತಿ ಇದ್ದಾಳೆ. ಹೆಣ್ಣುಮಕ್ಕಳು ಇಬ್ಬರು. ದೊಡ್ಡವಳು ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಚಿಕ್ಕವಳನ್ನು ಗಂಡ ಆಚೆ ಹಾಕಿದ, ಹಿರಿಯರು ರಾಜಿಗೆ ಬಂದರು, ಬಂದು ಕಾಲು ಹಿಡಿದರೆ ಸಾಕು ಎಂದರು. ನಾನು ಕಳಿಸಲಿಲ್ಲ. ಅವಳೂ, ಅವಳ ಇಬ್ಬರು ಮಕ್ಕಳೂ ನಮ್ಮ ಜೊತೆ ಇದ್ದಾರೆ.